ಹೋರಿಯ ವೀರ್ಯ ಸಂರಕ್ಷಣೆ: ಒಂದು ಐತಿಹಾಸಿಕ ಅವಲೋಕನ

ಕಳೆದ ವರ್ಷ ಚಾತುರ್ಮಾಸಕ್ಕೆ ಮುನ್ನ ಸೇರಿದ್ದ ನಮ್ಮ ಬಸದಿಯ ಟ್ರಸ್ಟಿನ ಸಭೆಯಲ್ಲಿ ಒಂದು ಅನಿರೀಕ್ಷಿತ ಪ್ರಶ್ನೆ ಎದ್ದಿತು. ಟ್ರಸ್ಟಿನ ಆಶ್ರಯದಲ್ಲಿ ಒಂದು ಚಿಕ್ಕ ಗೋಶಾಲೆಯಿದೆ. ಅಲ್ಲಿಯ ಹಾಲು ನಿತ್ಯದ ಕ್ಷೀರಾಭಿಷೇಕಕ್ಕೂ ವಿಹಾರದಲ್ಲಿ ಬರುವ ತ್ಯಾಗಿಗಳ ಆಹಾರಕ್ಕೂ ಸಲ್ಲುತ್ತದೆ. ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, “ನಮ್ಮ ಹಸುಗಳಿಗೆ ಗಬ್ಬ ನಿಲ್ಲಲು ಕೊಡಿಸುವ ಇಂಜೆಕ್ಷನ್ನಿನಲ್ಲಿ ಕೋಳಿಮೊಟ್ಟೆ ಬೆರೆತಿರುತ್ತದಂತೆ. ಹಾಗಿದ್ದರೆ ಆ ಹಾಲು ಅಭಿಷೇಕಕ್ಕೆ ಸಲ್ಲುವುದೇ?” ಎಂದು ಕೇಳಿದರು. ಕೆಲವರು ನಕ್ಕರು. ಕೆಲವರು ಗಂಭೀರರಾದರು. ಲೆಕ್ಕಪತ್ರ ನೋಡಿಕೊಳ್ಳುವವನು ನಾನಾದುದರಿಂದ, ವಿಚಾರಿಸಿ ತಿಳಿಸುವ ಹೊಣೆಯೂ ನನಗೇ ಬಂದಿತು.

ನಾನು ಹಿಂಡಿ-ಬೂಸಾ ವ್ಯಾಪಾರದವನು, ಓದಿದ್ದು ಬಿ.ಕಾಂ. ಪಶುವೈದ್ಯಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲ. ಆದರೂ ಬಲ್ಲವರನ್ನು ಕೇಳುತ್ತಾ, ದೊರೆತುದನ್ನು ಓದುತ್ತಾ ಹೋದಂತೆ ಆ ಒಂದು ಪ್ರಶ್ನೆಯ ಹಿಂದೆ ಸುಮಾರು 350 ವರ್ಷಗಳ ಚರಿತ್ರೆ ಇರುವುದು ತಿಳಿಯಿತು. ಅದರಲ್ಲಿ ನಮ್ಮ ಮೈಸೂರಿನ ಹೆಸರೂ ಇದೆ. ಆದುದರಿಂದ ಓದುಗ ಬಂಧುಗಳ ಮುಂದೆ ಅದನ್ನು ಇಡುತ್ತಿದ್ದೇನೆ.

ಈ ಚರಿತ್ರೆಯ ಮೊದಲ ಪುಟದಲ್ಲಿರುವವನು ಒಬ್ಬ ಬಟ್ಟೆ ವ್ಯಾಪಾರಿ ಎಂಬುದು ನನಗೆ ವಿಶೇಷ ಸಂತೋಷ ಕೊಟ್ಟ ಸಂಗತಿ. ಹಾಲೆಂಡಿನ ಡೆಲ್ಫ್ಟ್ ನಗರದ ಲೇವನ್‌ಹುಕ್ ಯಾವ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ಹತ್ತಿದವನಲ್ಲ. ತಾನೇ ಉಜ್ಜಿ ತಯಾರಿಸಿದ ಮಸೂರಗಳಿಂದ ಅವನು ಕೆರೆಯ ನೀರಿನಿಂದ ಹಿಡಿದು ಹಲ್ಲಿನ ಕಿಟ್ಟದವರೆಗೆ ಎಲ್ಲವನ್ನೂ ಪರೀಕ್ಷಿಸಿದನು. 1677ರಲ್ಲಿ ಅವನು ವೀರ್ಯಾಣುಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. ವಿಷಯವು ವಿದ್ವಾಂಸರಿಗೆ ಅಸಹ್ಯವೆನಿಸುವುದಾದರೆ ಪ್ರಕಟಿಸದೆ ಬಿಡಬಹುದೆಂದು ಸಂಕೋಚದಿಂದ ಸೂಚಿಸಿದ್ದನು. ಈ ಲೇಖನವನ್ನು ಬರೆಯುವಾಗ ನನಗೂ ಅದೇ ಸಂಕೋಚವಿದೆ. ಆದರೆ ನಾವು ದಿನವೂ ಹಾಲು ಕುಡಿಯುವವರು. ಅದು ಬಂದ ದಾರಿಯನ್ನು ಕೇಳಲು ಸಂಕೋಚಪಡುವುದು ಶ್ರಾವಕರಿಗೆ ಉಚಿತವೆನಿಸದು.

ಅವನ ನಂತರ ಸುಮಾರು ನೂರು ವರ್ಷ ಕಳೆದ ಮೇಲೆ, ಇಟಲಿಯ ಪಾದ್ರಿಯೂ ವಿಜ್ಞಾನಿಯೂ ಆದ ಸ್ಪಲ್ಲಂಝಾನಿ ಒಂದು ಹೆಣ್ಣುನಾಯಿಯಲ್ಲಿ ಗಂಡಿನ ಸಂಪರ್ಕವಿಲ್ಲದೆಯೇ ಗರ್ಭ ನಿಲ್ಲಿಸಿದನು. 62 ದಿನಗಳ ನಂತರ ಮೂರು ಮರಿಗಳು ಹುಟ್ಟಿದವು. ಹಿಮದಲ್ಲಿಟ್ಟು ತಣ್ಣಗಾದ ವೀರ್ಯಾಣುಗಳು ನಿಶ್ಚಲವಾಗಿ, ಮತ್ತೆ ಬೆಚ್ಚಗಾದಾಗ ಚಲಿಸತೊಡಗುವುದನ್ನು ಕೂಡ ಅವನು ಗಮನಿಸಿದ್ದನು. ಅದರ ಬೆಲೆ ಆ ಕಾಲಕ್ಕೆ ಯಾರಿಗೂ ತಿಳಿಯಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಷ್ಯಾದ ಇಲ್ಯಾ ಇವಾನೋವ್ ಈ ವಿಧಾನವನ್ನು ಕುದುರೆಗಳ ಸಂವರ್ಧನೆಗೆ ದೊಡ್ಡ ಪ್ರಮಾಣದಲ್ಲಿ ಬಳಸಿದನು. ಇದೇ ಇವಾನೋವ್ 1926-27ರಲ್ಲಿ ಆಫ್ರಿಕಕ್ಕೆ ಹೋಗಿ ಮನುಷ್ಯ ಮತ್ತು ಚಿಂಪಾಂಜಿಗಳ ಸಂಕರಕ್ಕೂ ಪ್ರಯತ್ನಿಸಿ ವಿಫಲನಾದನು. ವಿದ್ಯೆಯೊಂದು ಕೈಗೆ ಬಂದ ಕೂಡಲೇ ಮನುಷ್ಯನ ಕುತೂಹಲ ಎಲ್ಲಿಯವರೆಗೆ ಓಡಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಸುಗಳ ವಿಷಯದಲ್ಲಿ ಈ ವಿದ್ಯೆ ಬೆಳೆದುದು ಎರಡು ಅಗತ್ಯಗಳಿಂದ. ಒಂದೇ ಹೋರಿಯಿಂದ ಹಸುವಿನಿಂದ ಹಸುವಿಗೆ ಹರಡುತ್ತಿದ್ದ ಜನನಾಂಗದ ರೋಗಗಳನ್ನು ತಡೆಯಬೇಕಾಗಿತ್ತು. ನಾಲ್ಕಾರು ಹಸುಗಳನ್ನು ಕಟ್ಟಿದ ಬಡ ರೈತನಿಗೆ ಒಳ್ಳೆಯ ಹೋರಿಯನ್ನು ಸಾಕುವ ಶಕ್ತಿ ಇರಲಿಲ್ಲ. ಡೆನ್ಮಾರ್ಕಿನ ಸಾಮ್ಸೋ ದ್ವೀಪದ ರೈತರು 1936ರಲ್ಲಿ ಇದಕ್ಕಾಗಿಯೇ ಒಂದು ಸಹಕಾರ ಸಂಘ ಕಟ್ಟಿಕೊಂಡರು. ಅದಾದ ಮೂರೇ ವರ್ಷಗಳಲ್ಲಿ, 1939ರಲ್ಲಿ, ಮೈಸೂರು ಅರಮನೆಯ ಹೈನು ಕ್ಷೇತ್ರದಲ್ಲಿ ಸಂಪತ್ ಕುಮಾರನ್ ಅವರು ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ನೀಡಿ 33 ಹಸುಗಳಲ್ಲಿ ಗರ್ಭ ನಿಲ್ಲಿಸಿದರು. ಭಾರತದಲ್ಲಿ ಕೃತಕ ಗರ್ಭಧಾರಣೆಯ ಪ್ರಾರಂಭ ಅದೇ. 1942ರಲ್ಲಿ ಇಜ್ಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ಡಾ. ಪಿ. ಭಟ್ಟಾಚಾರ್ಯ ಅವರ ನೇತೃತ್ವದಲ್ಲಿ ವ್ಯವಸ್ಥಿತ ಪ್ರಯೋಗಗಳು ನಡೆದವು. 1943ರಲ್ಲಿ ಅಲಹಾಬಾದಿನ ಕೃಷಿ ಸಂಸ್ಥೆಯಲ್ಲಿ ಈ ವಿಧಾನದಿಂದ ಮೊದಲ ಎಮ್ಮೆಕರು ಹುಟ್ಟಿತು. ಬೆಂಗಳೂರು, ಕಲ್ಕತ್ತ, ಪಾಟ್ನಾ ಹಾಗೂ ಈಗ ಪಾಕಿಸ್ತಾನದಲ್ಲಿರುವ ಮಾಂಟ್ಗೊಮರಿಗಳಲ್ಲಿ ಪ್ರಾದೇಶಿಕ ಕೇಂದ್ರಗಳು ತೆರೆದವು.

ಆಗಿನ ದೊಡ್ಡ ತೊಡಕೆಂದರೆ ವೀರ್ಯವು ಬಹುಕಾಲ ಉಳಿಯುತ್ತಿರಲಿಲ್ಲ. ತಣ್ಣಗೆ ಮಾಡಿದರೆ ಹಾಳಾಗುವ ಕ್ರಿಯೆ ನಿಧಾನವಾಗುತ್ತದೆ, ನಿಜ. ಆದರೆ ತಣ್ಣಗಾಗುವ ಆಘಾತಕ್ಕೇ ವೀರ್ಯಾಣುವಿನ ಹೊರಪೊರೆ ಒಡೆಯುತ್ತದೆ. ಇದಕ್ಕೆ ಪರಿಹಾರ ಕಂಡವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫಿಲಿಪ್ಸ್ ಮತ್ತು ಲಾರ್ಡಿ. ಕೋಳಿಮೊಟ್ಟೆಯ ಹಳದಿ ಭಾಗವನ್ನು ಬೆರೆಸಿದರೆ ಅದರ ಕೊಬ್ಬಿನಂಶವು ಆ ಪೊರೆಯನ್ನು ಕಾಯುತ್ತದೆಂದು ಅವರು 1940ರಲ್ಲಿ ಪ್ರಕಟಿಸಿದರು. ನಮ್ಮ ಹಿರಿಯ ಸದಸ್ಯರ ಪ್ರಶ್ನೆಯ ಮೂಲ ಇಲ್ಲಿದೆ. ಅವರು ಕೇಳಿದುದು ಗಾಳಿಮಾತಲ್ಲ. ಇಂದಿಗೂ ಸಾಮಾನ್ಯವಾಗಿ ಬಳಸುವ ದ್ರಾವಣದಲ್ಲಿ ನೂರಕ್ಕೆ ಇಪ್ಪತ್ತರಷ್ಟು ಮೊಟ್ಟೆಯ ಹಳದಿ ಇರುತ್ತದೆ.

ಮುಂದಿನ ಹೆಜ್ಜೆಯಾದ ಘನೀಕರಣದ ಕಥೆ ಇನ್ನೂ ವಿಚಿತ್ರವಾದುದು. ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಕ್ರಿಸ್ಟೊಫರ್ ಪೋಲ್ಜ್ ಎಂಬ ತರುಣನೂ ಆಡ್ರಿ ಸ್ಮಿತ್ ಎಂಬ ವಿದುಷಿಯೂ ಅಲನ್ ಪಾರ್ಕ್ಸ್ ಅವರ ಮಾರ್ಗದರ್ಶನದಲ್ಲಿ ಹುಂಜದ ವೀರ್ಯವನ್ನು ಮಂಜುಗಟ್ಟಿಸಿ ಮತ್ತೆ ಜೀವಂತವಾಗಿ ಪಡೆಯಲು ಯತ್ನಿಸುತ್ತಿದ್ದರು. ಹಣ್ಣಿನ ಸಕ್ಕರೆಯ ದ್ರಾವಣವನ್ನು ಬೆರೆಸಿ ನೋಡಿದರು, ಫಲ ಸಿಗಲಿಲ್ಲ. ಸೀಸೆಗಳನ್ನು ಶೀತಲ ಕೊಠಡಿಯಲ್ಲಿಟ್ಟು ಬೇರೆ ಕೆಲಸಕ್ಕೆ ಹೋದರು. ಕೆಲವು ತಿಂಗಳ ನಂತರ ಅದೇ ಸೀಸೆಯನ್ನು ತೆಗೆದು ಪ್ರಯೋಗ ಮಾಡಿದಾಗ, ಕರಗಿಸಿದ ವೀರ್ಯಾಣುಗಳು ಚಲಿಸತೊಡಗಿದವು. ಹೊಸದಾಗಿ ತಯಾರಿಸಿದ ಸಕ್ಕರೆಯ ದ್ರಾವಣದಿಂದ ಮಾತ್ರ ಮತ್ತೆ ಅದೇ ವಿಫಲತೆ. ಹಳೆಯ ಸೀಸೆಯಲ್ಲಿ ಉಳಿದಿದ್ದ ಸ್ವಲ್ಪ ದ್ರವವನ್ನು ರಾಸಾಯನಿಕ ಪರೀಕ್ಷೆಗೆ ಕಳುಹಿಸಿದರು. ಅದರಲ್ಲಿ ಸಕ್ಕರೆಯೇ ಇರಲಿಲ್ಲ. ಇದ್ದುದು ಗ್ಲಿಸರಿನ್ ಹಾಗೂ ಮೊಟ್ಟೆಯ ಬಿಳಿ ಲೋಳೆ. ಸೂಕ್ಷ್ಮದರ್ಶಕದ ಗಾಜಿಗೆ ಅಂಗಾಂಶದ ತುಣುಕುಗಳನ್ನು ಅಂಟಿಸಲು ಬಳಸುವ ಮಿಶ್ರಣ ಅದು. ಶೀತಲ ಕೊಠಡಿಯಲ್ಲಿ ಚೀಟಿಗಳು ಅದಲುಬದಲಾಗಿದ್ದವು! ಕಾಯುತ್ತಿದ್ದುದು ಲೋಳೆಯಲ್ಲ, ಗ್ಲಿಸರಿನ್ ಎಂಬುದು ಬೇಗ ಖಚಿತವಾಯಿತು. 1949ರಲ್ಲಿ ಮೂವರೂ ಸೇರಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. 1951ರಲ್ಲಿ ಹೀಗೆ ಮಂಜುಗಟ್ಟಿಸಿದ ವೀರ್ಯದಿಂದ ಕರು ಹುಟ್ಟಿದ ವರದಿ ಇಂಗ್ಲೆಂಡಿನಿಂದ ಬಂದಿತು.

ಅಂಗಡಿಯಲ್ಲಿ ಚೀಟಿ ತಪ್ಪಿದರೆ ನಮಗೆ ನಷ್ಟ. ಅಲ್ಲಿ ಅದೇ ತಪ್ಪು ಜಗತ್ತಿನ ಹೈನೋದ್ಯಮವನ್ನೇ ಬದಲಿಸಿತು. ಆದರೆ ತಪ್ಪನ್ನು ಮುಚ್ಚಿಡದೆ, ಉಳಿದ ನಾಲ್ಕು ಹನಿಯನ್ನು ಪರೀಕ್ಷೆಗೆ ಕಳುಹಿಸಿದರಲ್ಲ, ಆ ಪ್ರಾಮಾಣಿಕತೆ ನನಗೆ ದೊಡ್ಡದೆನಿಸಿತು.

ಮೊದಲು ಘನೀಕೃತ ಇಂಗಾಲಾಮ್ಲದ ಮೈನಸ್ 79 ಡಿಗ್ರಿಯಲ್ಲಿ, ಮುಂದೆ ದ್ರವ ಸಾರಜನಕದ ಮೈನಸ್ 196 ಡಿಗ್ರಿಯಲ್ಲಿ ವೀರ್ಯವನ್ನು ಇಡಲಾರಂಭಿಸಿದರು. ಫ್ರಾನ್ಸಿನ ಕಾಸ್ಸು 1960ರ ದಶಕದಲ್ಲಿ ರೂಪಿಸಿದ ಸಣ್ಣ ಪ್ಲಾಸ್ಟಿಕ್ ನಳಿಕೆಗಳು ಬಂದ ಮೇಲೆ ಸಾಗಾಟ ಸುಲಭವಾಯಿತು. ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಕೇಂದ್ರ ತಲೆಯೆತ್ತಿತು. ಗಾಂಧೀಜಿಯವರ ಅನುಯಾಯಿ ಮಣಿಭಾಯಿ ದೇಸಾಯಿ 1967ರಲ್ಲಿ ಪುಣೆಯ ಬಳಿಯ ಉರುಳಿ ಕಾಂಚನದಲ್ಲಿ ಸ್ಥಾಪಿಸಿದ ಸಂಸ್ಥೆ ಈ ಸೇವೆಯನ್ನು ಹಳ್ಳಿಯ ಮನೆಬಾಗಿಲಿಗೆ ಒಯ್ದಿತು. ಇಂದು ನಮ್ಮಲ್ಲಿ ಬಳಕೆಯಲ್ಲಿರುವ ನಳಿಕೆಯಲ್ಲಿ ಕಾಲು ಮಿಲಿಲೀಟರು ದ್ರವ, ಅದರಲ್ಲಿ 2 ಕೋಟಿ ವೀರ್ಯಾಣುಗಳು. ಕರಗಿಸಿದಾಗ ಅವುಗಳಲ್ಲಿ ಅರ್ಧದಷ್ಟಾದರೂ ಚಲಿಸಬೇಕೆಂಬುದು ನಿಯಮ. ಈ ಶೈತ್ಯದಲ್ಲಿ ಕಾಲವೇ ನಿಂತಂತೆ. ಆಸ್ಟ್ರೇಲಿಯದ ಸಿಡ್ನಿಯಲ್ಲಿ 1968ರಲ್ಲಿ ಮಂಜುಗಟ್ಟಿಸಿದ್ದ ಟಗರಿನ ವೀರ್ಯವನ್ನು ಐವತ್ತು ವರ್ಷಗಳ ನಂತರ 56 ಕುರಿಗಳಿಗೆ ನೀಡಿದಾಗ 34 ಗರ್ಭ ಧರಿಸಿದವೆಂದು 2019ರಲ್ಲಿ ವರದಿಯಾಯಿತು. ತಂದೆ ಗತಿಸಿ ದಶಕಗಳಾದ ಮೇಲೆ ಹುಟ್ಟಿದ ಮರಿಗಳು ಅವು.

ಇಲ್ಲಿಂದ ಮುಂದಿನ ಚರಿತ್ರೆ ನನ್ನಂಥ ಲೆಕ್ಕದವನನ್ನು ಕಾಡುವಂಥದು. ಸಹಜ ರೀತಿಯಲ್ಲಿ ಒಂದು ಹೋರಿಯು ವರ್ಷಕ್ಕೆ ನೂರರ ಒಳಗೆ ಹಸುಗಳನ್ನು ಕೂಡಬಲ್ಲದು. ನಳಿಕೆಯ ಮೂಲಕ ಅದೇ ಹೋರಿ ಲಕ್ಷಾಂತರ ಕರುಗಳಿಗೆ ತಂದೆಯಾಗಬಲ್ಲದು. ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ ‘ಪಾನೀ ಫಾರ್ಮ್ ಅರ್ಲಿಂಡಾ ಚೀಫ್’ ಎಂಬ ಹೋಲ್‌ಸ್ಟೀನ್ ಹೋರಿಗೆ ಸುಮಾರು 16 ಸಾವಿರ ಹೆಣ್ಣುಮಕ್ಕಳು, 5 ಲಕ್ಷ ಮೊಮ್ಮಕ್ಕಳು, 20 ಲಕ್ಷಕ್ಕೂ ಮಿಕ್ಕ ಮರಿಮಕ್ಕಳು. ಆ ತಳಿಯ ಅನುವಂಶಿಕ ಸಂಪತ್ತಿನಲ್ಲಿ ನೂರಕ್ಕೆ ಸುಮಾರು 14ರಷ್ಟು ಆ ಒಂದೇ ಪ್ರಾಣಿಯಿಂದ ಬಂದುದು. ಅದರ ಹೆಣ್ಣುಸಂತತಿ ಧಾರಾಳವಾಗಿ ಹಾಲು ಕೊಟ್ಟಿತು. ಆದರೆ ಅದರ ಒಂದು ವಂಶವಾಹಿಯಲ್ಲಿ ಒಂದು ಅಕ್ಷರದಷ್ಟು ದೋಷವಿತ್ತು. ತಂದೆ ಅಥವಾ ತಾಯಿಯಲ್ಲಿ ಒಬ್ಬರಿಂದ ಮಾತ್ರ ಆ ದೋಷ ಬಂದರೆ ಕರು ಆರೋಗ್ಯವಾಗಿಯೇ ಇರುತ್ತದೆ. ಇಬ್ಬರಿಂದಲೂ ಬಂದರೆ ಗರ್ಭದಲ್ಲಿಯೇ ಸಾಯುತ್ತದೆ. ಚೀಫ್‌ನ ಮೊಮ್ಮಕ್ಕಳು ಮರಿಮಕ್ಕಳು ತಮ್ಮತಮ್ಮಲ್ಲೇ ಕೂಡತೊಡಗಿದಾಗ ಈ ಸಾವುಗಳು ಆರಂಭವಾದವು.

ಇದು ಪತ್ತೆಯಾದ ಬಗೆಯನ್ನು ಕುರಿತು ಎರಡು ಮಾತು ಹೇಳದಿರಲಾರೆ. ಸತ್ತ ಕರುಗಳನ್ನು ಯಾರೂ ಪರೀಕ್ಷಿಸಲಿಲ್ಲ. ಗರ್ಭ ಹೋಯಿತು, ಹಸು ಮತ್ತೆ ಬೆದೆಗೆ ಬಂದಿತು ಎಂದಷ್ಟೇ ರೈತರಿಗೆ ಗೊತ್ತು. 2011ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಬದುಕಿದ್ದ ಸಾವಿರಾರು ರಾಸುಗಳ ಅನುವಂಶಿಕ ದಾಖಲೆಗಳನ್ನು ಗಣಕದಲ್ಲಿ ಜೋಡಿಸಿ ನೋಡುತ್ತಿದ್ದರು. ವರ್ಣತಂತುವಿನ ಒಂದು ನಿರ್ದಿಷ್ಟ ಭಾಗವನ್ನು ತಂದೆತಾಯಿಗಳಿಬ್ಬರಿಂದಲೂ ಪಡೆದ ರಾಸುಗಳು ಲೆಕ್ಕದ ಪ್ರಕಾರ ಇಂತಿಷ್ಟು ಇರಬೇಕಾಗಿತ್ತು. ಒಂದೂ ಇರಲಿಲ್ಲ. ಖಾತೆಯಲ್ಲಿ ಬರೆದುದನ್ನು ತಾಳೆ ನೋಡುವುದು ಯಾವ ಗುಮಾಸ್ತನಿಗೂ ಬರುತ್ತದೆ, ಬರೆಯಬೇಕಾಗಿದ್ದು ಬರೆಯದೆ ಉಳಿದುದನ್ನು ಕಾಣುವುದೇ ನಿಜವಾದ ಲೆಕ್ಕಪರಿಶೋಧನೆ ಎಂದು ನನ್ನ ಗುರುಗಳು ಹೇಳುತ್ತಿದ್ದರು. ಅವರ ಮಾತು ಇಲ್ಲಿ ನೆನಪಾಯಿತು. 2016ರಲ್ಲಿ ಪ್ರಕಟವಾದ ಅಂದಾಜಿನಂತೆ ಈ ಒಂದು ದೋಷದಿಂದ 35 ವರ್ಷಗಳಲ್ಲಿ ಜಗತ್ತಿನಲ್ಲಿ 5 ಲಕ್ಷಕ್ಕೂ ಹೆಚ್ಚು ಗರ್ಭಪಾತಗಳಾಗಿವೆ. ನಷ್ಟ 42 ಕೋಟಿ ಡಾಲರು. ಅದೇ ಅವಧಿಯಲ್ಲಿ ಚೀಫ್‌ನ ವಂಶದಿಂದ ಹೆಚ್ಚಿದ ಹಾಲಿನ ಬೆಲೆ 3 ಸಾವಿರ ಕೋಟಿ ಡಾಲರು. ವ್ಯಾಪಾರಿಯ ಕಣ್ಣಿಗೆ ಇದು ಕಣ್ಮುಚ್ಚಿ ಒಪ್ಪಬಹುದಾದ ಲಾಭ. ಆದರೆ ಜಮೆಯಾದುದು ಡೇರಿಯ ಖಾತೆಗೆ, ಖರ್ಚು ಬಿದ್ದುದು ಹಸುವಿನ ಹೊಟ್ಟೆಗೆ. ಎರಡು ಬೇರೆ ಬೇರೆ ಆಸಾಮಿಗಳ ಲೆಕ್ಕವನ್ನು ಒಂದೇ ಪುಟದಲ್ಲಿ ಕಳೆದು ಕೂಡಿ ಲಾಭವೆನ್ನುವುದು ಯಾವ ವಹಿವಾಟಿನಲ್ಲಿಯೂ ಸಲ್ಲದು.

ಹೋರಿಯ ದೋಷವು ಹಸುವಿನ ಮೇಲೆ ಬೀಳುವುದಕ್ಕೆ ಇನ್ನೊಂದು ಉದಾಹರಣೆಯಿದೆ. ಜರ್ಮನಿಯ ಫ್ಲೆಕ್‌ವೀ ತಳಿಯ ಕೆಲವು ಹೋರಿಗಳ ವೀರ್ಯವು ಎಲ್ಲ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗುತ್ತಿತ್ತು. ಸಂಖ್ಯೆ ಸರಿ, ಆಕಾರ ಸರಿ, ಚಲನೆ ಸರಿ. ಆದರೂ ನೂರು ಹಸುಗಳಿಗೆ ಕೊಟ್ಟರೆ ಎರಡರಲ್ಲಿಯೂ ಗರ್ಭ ನಿಲ್ಲುತ್ತಿರಲಿಲ್ಲ. ವೀರ್ಯಾಣುವಿನ ಮೇಲ್ಮೈಯ ಒಂದು ಪ್ರೋಟೀನನ್ನು ತಯಾರಿಸುವ ವಂಶವಾಹಿಯೇ ಅವುಗಳಲ್ಲಿ ಕೆಟ್ಟಿತ್ತೆಂದು 2014ರಲ್ಲಿ ತಿಳಿದುಬಂದಿತು. ಅಂಡದ ಬಳಿಗೆ ಬಂದರೂ ಅದರೊಡನೆ ಬೆರೆಯುವ ಶಕ್ತಿ ಅವಕ್ಕಿರಲಿಲ್ಲ.

ಇದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. 1984ರಲ್ಲಿ ನಮ್ಮ ಮನೆಯಲ್ಲಿ ಒಂದು ಕಪ್ಪು-ಬಿಳಿ ಮಿಶ್ರತಳಿಯ ಹಸುವಿತ್ತು. ಮೊದಲ ಸೂಲಿನಲ್ಲಿ ಚೆನ್ನಾಗಿ ಹಾಲು ಕೊಟ್ಟಿತ್ತು. ಮುಂದೆ ನಾಲ್ಕು ಬಾರಿ ದನದ ಆಸ್ಪತ್ರೆಗೆ ಹೊಡೆದುಕೊಂಡು ಹೋಗಿ ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಲ್ಲಲಿಲ್ಲ. “ಗೊಡ್ಡು ಬಿದ್ದಿದೆ, ಸಾಕಿ ಫಲವಿಲ್ಲ” ಎಂದರು. ನಮ್ಮ ತಂದೆಯವರು ಮನಸ್ಸಿಲ್ಲದ ಮನಸ್ಸಿನಿಂದ ಸಂತೆಗೆ ಕಳುಹಿಸಿದರು. ಕೊಂಡವನು ಎಲ್ಲಿಗೆ ಒಯ್ದನೆಂದು ನಾವು ಕೇಳಲಿಲ್ಲ. ಕೇಳಬಾರದೆಂದೇ ಕೇಳಲಿಲ್ಲ ಎಂಬುದು ಸತ್ಯ. ರೋಕಡ ಪುಸ್ತಕದಲ್ಲಿ ‘ಹಸು ಮಾರಿದ ಬಾಬ್ತು’ ಎಂದು ಜಮೆ ಬರೆದವನು ನಾನೇ. ಆಗ ತಾನೇ ಬಿ.ಕಾಂ. ಮುಗಿಸಿ ಬಂದಿದ್ದೆ, ಅಕ್ಷರ ದುಂಡಗಿತ್ತು. ದೋಷ ಆ ಹಸುವಿನದೇ ಆಗಿತ್ತೋ, ಹೋರಿಯದೋ, ಕ್ಯಾನಿನಲ್ಲಿ ಸಾರಜನಕ ಇಳಿದು ನಳಿಕೆಯೇ ಸತ್ತಿತ್ತೋ, ನಾವೇ ಹೊತ್ತು ತಪ್ಪಿಸಿ ಒಯ್ದಿದ್ದೆವೋ, ಈಗ ಹೇಳುವಂತಿಲ್ಲ. ಮುಂಜಾನೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಮುಂಜಾನೆ ಕೊಡಿಸಬೇಕೆಂಬ ಸಾಮಾನ್ಯ ನಿಯಮವೂ ಆಗ ನಮಗೆ ತಿಳಿದಿರಲಿಲ್ಲ. ಇಷ್ಟೆಲ್ಲ ಸಂಭವಗಳಿದ್ದರೂ ಶಿಕ್ಷೆ ಆದುದು ಹಸುವಿಗೆ. ಮಕ್ಕಳಾಗದ ಮನೆಗಳಲ್ಲಿ ಸೊಸೆಯಂದಿರು ಇದೇ ಮಾತು ಕೇಳುವುದನ್ನು ನಾವೆಲ್ಲ ಬಲ್ಲೆವು. ಅದನ್ನು ವಿಸ್ತರಿಸುವುದಿಲ್ಲ.

ಮೂಲ ವಿಷಯಕ್ಕೆ ಬರೋಣ. ಹೋಲ್‌ಸ್ಟೀನ್ ಹೋರಿಗಳ ಗಂಡು ವರ್ಣತಂತುವಿನ ವಂಶಾವಳಿಯನ್ನು 2015ರಲ್ಲಿ ಪರಿಶೀಲಿಸಿದಾಗ, ಉತ್ತರ ಅಮೆರಿಕದಲ್ಲಿ ಕೃತಕ ಗರ್ಭಧಾರಣೆಗೆ ಬಳಸುವ ಹೆಚ್ಚುಕಡಿಮೆ ಎಲ್ಲ ಹೋರಿಗಳೂ ಹತ್ತೊಂಬತ್ತನೆಯ ಶತಮಾನದ ಎರಡೇ ಹೋರಿಗಳ ಗಂಡುಸಂತತಿಯೆಂದು ಕಂಡುಬಂದಿತು. ಇದ್ದ ಬಂಡವಾಳವನ್ನೆಲ್ಲ ಎರಡೇ ಅಂಗಡಿಗಳಲ್ಲಿ ತೊಡಗಿಸಿದಂತೆ. ಕಳೆದುಹೋಗಿದ್ದ ಬೇರೆ ವಂಶಗಳನ್ನು ಮತ್ತೆ ತರಲು ಪೆನ್ಸಿಲ್ವೇನಿಯದ ಸಂಶೋಧಕರು ಹಳೆಯ ಭಂಡಾರದ ಘನೀಕೃತ ನಳಿಕೆಗಳನ್ನೇ ಹುಡುಕಬೇಕಾಯಿತು. ಯಾವ ವಿದ್ಯೆ ವೈವಿಧ್ಯವನ್ನು ಕಳೆಯಿತೋ ಅದೇ ವಿದ್ಯೆ ಅದರ ಒಂದಂಶವನ್ನು ಉಳಿಸಿಯೂ ಇಟ್ಟಿತ್ತು. ನಮ್ಮಲ್ಲಿ ಕರ್ನಾಲದ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಕೇಂದ್ರವು ದೇಶೀ ತಳಿಗಳ ವೀರ್ಯವನ್ನು ಹೀಗೆ ಕಾಪಿಡುತ್ತಿದೆ. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಬಂದ ಅಮೃತಮಹಲ್, ಕೃಷ್ಣಾ ತೀರದ ತಳಿ, ಮಲೆನಾಡ ಗಿಡ್ಡ ಇವುಗಳ ಬೀಜದ ಹೋರಿಗಳು ಹಳ್ಳಿಗಳಲ್ಲಿ ವಿರಳವಾಗಿರುವಾಗ ಆ ಭಂಡಾರದ ಬೆಲೆ ಹೆಚ್ಚುತ್ತಲೇ ಹೋಗುತ್ತದೆ. ವೃಷಭವನ್ನು ಆದಿ ತೀರ್ಥಂಕರರ ಲಾಂಛನವಾಗಿ ಪೂಜಿಸುವ ನಾವು ಗೋಶಾಲೆಯಲ್ಲಿ ಒಂದು ಹೋರಿಯನ್ನೂ ಇಟ್ಟಿಲ್ಲ ಎಂಬುದನ್ನು ಸಭೆಯಲ್ಲಿ ನಾನು ಹೇಳಿದಾಗ ಯಾರೂ ನಗಲಿಲ್ಲ.

ಗಂಡುಕರುಗಳ ಮಾತು ಇನ್ನೂ ಕಠಿಣವಾದುದು. ಮಿಶ್ರತಳಿಯ ಎತ್ತಿಗೆ ಹಿಣಿಲು ಚಿಕ್ಕದು, ನೊಗ ಸರಿಯಾಗಿ ಕೂಡುವುದಿಲ್ಲ. ಬಿಸಿಲಿಗೆ ಬೇಗ ದಣಿಯುತ್ತದೆ. ಹೊಲದಲ್ಲಿ ಟ್ರ್ಯಾಕ್ಟರು ಬಂದಿದೆ. ಆದುದರಿಂದ ಹುಟ್ಟಿದ ಗಂಡುಕರುವಿಗೆ ಹಾಲು ಬಿಡದೆ ಸೊರಗಿಸುವುದು ಅನೇಕ ಕಡೆ ನಡೆದಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದೆಂಬುದನ್ನು ಶ್ರಾವಕರಿಗೆ ನೆನಪಿಸಬೇಕಾಗಿಲ್ಲ. ಈ ಸಮಸ್ಯೆಗೆ ಉತ್ತರವೆಂದು ಈಗ ಲಿಂಗ ನಿರ್ಧರಿತ ವೀರ್ಯ ಬಂದಿದೆ. ಹೆಣ್ಣು ಹುಟ್ಟಿಸುವ ವೀರ್ಯಾಣುವಿನಲ್ಲಿ ಅನುವಂಶಿಕ ದ್ರವ್ಯ ಗಂಡಿನದಕ್ಕಿಂತ ನೂರಕ್ಕೆ ನಾಲ್ಕರಷ್ಟು ಹೆಚ್ಚು. ಬಣ್ಣ ಸೇರಿಸಿ ಲೇಸರ್ ಕಿರಣದ ಮುಂದೆ ಒಂದೊಂದಾಗಿ ಹರಿಸಿ, ಹೊಳಪಿನ ವ್ಯತ್ಯಾಸದಿಂದ ಬೇರ್ಪಡಿಸುತ್ತಾರೆ. ಅಮೆರಿಕದ ಲಾರೆನ್ಸ್ ಜಾನ್ಸನ್ 1989ರಲ್ಲಿ ಮೊಲಗಳಲ್ಲಿ ಇದನ್ನು ಸಾಧಿಸಿ ತೋರಿಸಿದರು. ನಮ್ಮ ದೇಶದ್ದೇ ತಂತ್ರವೂ 2024ರಲ್ಲಿ ಬಳಕೆಗೆ ಬಿಡುಗಡೆಯಾಯಿತು. ಹತ್ತರಲ್ಲಿ ಒಂಬತ್ತು ಹೆಣ್ಣುಕರುಗಳಾಗುತ್ತವೆ.

ಇದರ ಬಗೆಗೆ ನನ್ನ ಮನಸ್ಸು ಪೂರ್ಣವಾಗಿ ಒಪ್ಪಿಲ್ಲ. ಹುಟ್ಟಿಸಿ ಹಸಿವಿನಿಂದ ಕೊಲ್ಲುವುದಕ್ಕಿಂತ ಹುಟ್ಟದಿರುವುದು ಮೇಲೆಂಬ ವಾದಕ್ಕೆ ಬಲವಿದೆ, ಬಡ ರೈತನ ವಿಷಯದಲ್ಲಿ ಅದನ್ನು ಒಪ್ಪುತ್ತೇನೆ. ಆದರೆ ಗೋಶಾಲೆಯು ಹಾಲಿನ ಲಾಭಕ್ಕೆ ಕಟ್ಟಿದ್ದಲ್ಲ. ಅಲ್ಲಿಯೂ ಗಂಡು ಬೇಡವೆಂದರೆ ಗಂಡುಕರು ನಿಲ್ಲಬಹುದಾದ ಜಾಗ ಎಲ್ಲಿ ಉಳಿಯಿತು?

ಮೊಟ್ಟೆಯ ಪ್ರಶ್ನೆಗೆ ನಾನು ಕೊಟ್ಟ ವರದಿ ಹೀಗಿತ್ತು. ಒಂದು ಮೊಟ್ಟೆಯ ಹಳದಿಯಿಂದ ನನ್ನ ಲೆಕ್ಕದಲ್ಲಿ ಸುಮಾರು 300 ನಳಿಕೆಗಳ ದ್ರಾವಣವಾಗುತ್ತದೆ. ಹಾಲಿಗೂ ಆ ಹಳದಿಗೂ ದ್ರವ್ಯಸಂಬಂಧವಿಲ್ಲ, ಒಂಬತ್ತು ತಿಂಗಳ ಹಿಂದೆ ಗರ್ಭಕೋಶಕ್ಕೆ ಹೋದ ಕಾಲು ಮಿಲಿಲೀಟರಿನದು ಕೆಚ್ಚಲಿಗೆ ಬರುವುದಿಲ್ಲ. ಆದರೆ ನಮ್ಮ ಪ್ರಯೋಜನಕ್ಕಾಗಿ ಮೊಟ್ಟೆ ಒಡೆಯಲ್ಪಟ್ಟಿತೆಂಬುದೂ ಸತ್ಯ. ಅಭಿಷೇಕಕ್ಕೆ ಸಲ್ಲುವುದೋ ಇಲ್ಲವೋ ಎಂಬುದನ್ನು ಮುನಿಗಳೂ ಭಟ್ಟಾರಕರೂ ಹೇಳಬೇಕೇ ಹೊರತು ಹಿಂಡಿ ವ್ಯಾಪಾರಿಯಲ್ಲ. ಸೋಯಾ ಅವರೆಯ ಲೆಸಿಥಿನ್‌ನಿಂದ ಮಾಡಿದ, ಮೊಟ್ಟೆಯಿಲ್ಲದ ದ್ರಾವಣಗಳು 1990ರ ದಶಕದಿಂದಲೇ ವಿದೇಶಗಳಲ್ಲಿ ಮಾರುಕಟ್ಟೆಗೆ ಬಂದಿವೆ. ಅವು ಬಂದುದು ಅಹಿಂಸೆಯ ಕಾರಣಕ್ಕಲ್ಲ, ಮೊಟ್ಟೆಯ ಮೂಲಕ ರೋಗಾಣುಗಳು ಸೇರುವ ಭಯದಿಂದ. ಕಾರಣ ಯಾವುದಾದರೇನು, ವಸ್ತು ಇದೆ.

ಸಭೆಯು ಮೂರು ನಿರ್ಣಯಗಳನ್ನು ಅಂಗೀಕರಿಸಿತು. ಮೊಟ್ಟೆರಹಿತ ದ್ರಾವಣದ ನಳಿಕೆಗಳು ದೊರೆಯುವವೇ ಎಂದು ವೀರ್ಯ ಕೇಂದ್ರಗಳಿಗೆ ಪತ್ರ ಬರೆಯುವುದು. ಒಂದು ದೇಶೀ ಹೋರಿಕರುವನ್ನು ತಂದು ಸಾಕುವುದು. ಗಬ್ಬ ನಿಲ್ಲದ ಹಸುವನ್ನಾಗಲಿ ಗಂಡುಕರುವನ್ನಾಗಲಿ ಗೋಶಾಲೆಯಿಂದ ಹೊರಗೆ ಕಳುಹಿಸದಿರುವುದು, ಅದರ ಮೇವಿನ ಖರ್ಚನ್ನು ಪ್ರತ್ಯೇಕ ಶೀರ್ಷಿಕೆಯಲ್ಲಿ ತೋರಿಸುವುದು. ಮೂರನೆಯದಕ್ಕೆ ಇಬ್ಬರು ಸದಸ್ಯರು ಹಣದ ಕಾರಣದಿಂದ ವಿರೋಧ ಸೂಚಿಸಿದರು, ಅವರ ಆಕ್ಷೇಪವನ್ನೂ ನಡಾವಳಿಯಲ್ಲಿ ದಾಖಲಿಸಿದ್ದೇನೆ. ಪತ್ರಗಳಿಗೆ ಉತ್ತರ ಇನ್ನೂ ಬಂದಿಲ್ಲ. ಹೋರಿಕರು ಬಂದಿದೆ. ಹಳ್ಳಿಕಾರ್, ಹತ್ತು ತಿಂಗಳದು, ಈಗಲೇ ಗೂಟ ಕೀಳುತ್ತದೆ.